ಸರಿಸಮದ ಆಕಾಶ

ವಾರ್ ಥಂಡರ್ ಎಂಬ ಕಂಪ್ಯೂಟರ್ ಆಟದಲ್ಲಿ ವಿಮಾನಗಳ ದೊಡ್ಡ ಕಾಳಗವೊಂದಿದೆ. ವಿಶಾಲ ನಕ್ಷೆ, ಬೇಕಾದಾಗ ಬಂದು ಹೋಗುವ ಆಟಗಾರರು, ಗಂಟೆಗಟ್ಟಲೆ ಸಾಗುವ ಯುದ್ಧ. ಸಿಮ್ಯುಲೇಟರ್ ಎಂಬ ಬಗೆಯಲ್ಲಿ ಕಾಕ್‌ಪಿಟ್ಟಿನ ಒಳಗಿನಿಂದಷ್ಟೇ ನೋಡಲು ಸಾಧ್ಯ. ಎದುರಿಗೆ ಬಂದದ್ದು ಶತ್ರುವೋ ಮಿತ್ರನೋ ಎಂಬುದನ್ನು ರೆಕ್ಕೆಯ ಆಕಾರ ನೋಡಿ ಗುರುತಿಸಬೇಕು. 2012ರಿಂದ ಜನ ಆಡುತ್ತಿರುವ ಈ ಆಟಕ್ಕೆ ವರ್ಷವಿಡೀ ಅಪ್‌ಡೇಟ್ ಬರುತ್ತಲೇ ಇರುತ್ತದೆ: ಹೊಸ ವಿಮಾನ ಸೇರುತ್ತದೆ, ಹಳೆಯದರ ವೇಗ, ತಿರುವು, ದರ್ಜೆ ಬದಲಾಗುತ್ತವೆ.

ಅಂಥದೊಂದು ಅಪ್‌ಡೇಟ್ ಬಂದ ಮರುದಿನ ಚನ್ನಪಟ್ಟಣದ ಒಂದು ಮನೆಯ ಜಗಲಿಯಲ್ಲಿ ಮೂರು ತಲೆಮಾರಿನವರು ವಾದಕ್ಕೆ ಕೂತರು. ತಾತ ಹಾಲೆಮರ ಕಡೆದು, ಅರಗಿನ ಬಣ್ಣ ಕೂರಿಸಿ ಬೊಂಬೆ ಮಾಡುತ್ತಲೇ ಬಾಳಿದವರು. ದೊಡ್ಡ ಮಗ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದವರು. ಮೊಮ್ಮಗ ರಾಮನಗರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ.

“ಫಾಕೆ-ವುಲ್ಫ್ 190 ಅಂತ ಜರ್ಮನಿ ವಿಮಾನ ತಾತ. ಎಷ್ಟು ಎತ್ತರದಲ್ಲಿ ಹೇಗೆ ತಿರುಗಿಸಬೇಕು ಅನ್ನೋದು ನನ್ನ ಕೈಗೇ ಗೊತ್ತಿತ್ತು. ನಿನ್ನೆ ಬದಲಾಯಿಸ್ಬಿಟ್ಟವ್ರೆ.”

“ಹಳೇದು ನಿನ್ನ ಹತ್ರ ಇಲ್ವಾ?”

“ಇಲ್ಲ. ಎಲ್ಲರ ಹತ್ರ ಇದ್ದದ್ದೂ ಒಂದೇ ಸಲಕ್ಕೆ ಬದಲಾಯ್ತು.”

ತಾತ ಸ್ವಲ್ಪ ಹೊತ್ತು ಯೋಚಿಸಿದರು. “ನಾವೂ ಮಾದರಿ ಬದಲಾಯಿಸಿದ್ದೀವಿ ಮಗಾ. ಆದ್ರೆ ಮಾರಿದ ಬೊಂಬೆನ ಕೂಸಿನ ಕೈಯಿಂದ ಇಸ್ಕೊಂಡು ತಿದ್ದಲಿಲ್ಲ. ಕೊಟ್ಟ ಮೇಲೆ ಅದು ಕೂಸಿಂದು. ನೀನು ನಿಂದು ಅಂತೀಯಲ್ಲ, ಆ ವಿಮಾನ ಯಾರದು?”

“ಕಂಪನಿದೇ. ನಮಗೆ ಆಡೋಕೆ ಅನುಮತಿ ಅಷ್ಟೆ. ಆದ್ರೆ ಕಲಿತ ವಿದ್ಯೆ ನಂದಲ್ವಾ?”

“ವಿದ್ಯೆ ನಿಂದೇ. ಅದನ್ನ ಎಲ್ಲಿ ಹೂಡ್ತೀಯ ಅನ್ನೋದು ಮಾತ್ರ ಇನ್ನೊಬ್ಬರ ಕೈಲದೆ.”

ಇದನ್ನು ಮುದುಕರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಒಂದು ಪೀಳಿಗೆಯ ಹುಡುಗರು ತಾಳ್ಮೆಯಿಂದ ಗಳಿಸುತ್ತಿರುವ ಕೌಶಲ ಬೇರೊಬ್ಬರು ಯಾವಾಗ ಬೇಕಾದರೂ ತಿದ್ದಬಹುದಾದ ವಸ್ತುವಿನ ಮೇಲೆ ನಿಂತಿದೆ. ಹುಡುಗನಿಗೂ ಅದು ನಾಟಿತು.

ದೊಡ್ಡಪ್ಪನ ಗಮನ ಮಾತ್ರ ಆ ವಿಮಾನದ ಹೆಸರಿನ ಮೇಲಿತ್ತು. “ಫಾಕೆ-ವುಲ್ಫ್ ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್ 1956ರಲ್ಲಿ ನಮ್ಮ ಎಚ್‌ಎಎಲ್‌ಗೇ ಬಂದ್ರು ಕಣೋ. ಇಲ್ಲಿ ಅವರು ರೂಪಿಸಿದ್ದು ಎಚ್‌ಎಫ್-24 ಮಾರುತ್. 1961ರ ಜೂನ್ 17ಕ್ಕೆ ಮೊದಲ ಹಾರಾಟ. ಶಬ್ದದ ಎರಡು ಪಟ್ಟು ವೇಗಕ್ಕೆ ಅಂತ ಗೆರೆ ಎಳೆದಿದ್ದು. ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಸಿಕ್ಕಿದ ಎಂಜಿನ್ನಲ್ಲಿ ಶಬ್ದದ ವೇಗ ದಾಟೋದೇ ಕಷ್ಟ. ಆದ್ರೂ 1971ರ ಯುದ್ಧದಲ್ಲಿ ಅದನ್ನೇ ಹಾರಿಸಿದ್ರು. ನಿಮ್ಮ ಆಟದಲ್ಲಿ ಒಂದು ಅಂಕಿ ತಿದ್ದಿದ್ರೆ ಆಗಿಹೋಗ್ತಿತ್ತು.”

“ಅಂಕಿನ ಸುಮ್ನೆ ತಿದ್ದಲ್ಲ ದೊಡ್ಡಪ್ಪ. ಪ್ರತಿ ವಿಮಾನಕ್ಕೂ ಒಂದು ದರ್ಜೆ ಇರತ್ತೆ. ಯಾವ ವಿಮಾನ ಆಟಗಾರರ ಕೈಲಿ ಜಾಸ್ತಿ ಗೆಲ್ತದೋ ಅದರ ದರ್ಜೆ ಏರಿಸ್ತಾರೆ. ಸೋಲೋದನ್ನ ಇಳಿಸ್ತಾರೆ. ನಮ್ಮ ದರ್ಜೆಗೆ ಹತ್ತಿರ ಇರೋರೇ ಎದುರಿಗೆ ಬರೋದು. ಅಪ್‌ಡೇಟ್‌ನಲ್ಲಿ ಅದೂ ಒಂದು ಕೆಲಸ.”

“ಅಂದ್ರೆ ಒಂದೊಂದು ವಿಮಾನ ನಿಜ, ಅವು ಎದುರಾಗೋ ರೀತಿ ಕಟ್ಟಿದ್ದು.”

“ಹಾಗೇ ಅನ್ನಿ. ಸೋಲೋದು ಖಾತ್ರಿ ಅಂತ ಮೊದಲೇ ಗೊತ್ತಿದ್ರೆ ಆಡೋಕೆ ಯಾರು ಬರ್ತಾರೆ?”

ಆಗ ದೊಡ್ಡಪ್ಪ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರ ಮಾತು ತೆಗೆದರು. 1965ರ ಸೆಪ್ಟೆಂಬರ್ 7ರಂದು ಭಾರತದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಆ ದಿನ ಮೀಸಲು ಪೈಲಟ್. ಯಾರಾದರೂ ಹಿಂದೆ ಸರಿದರೆ ಆ ಜಾಗ ತುಂಬಬೇಕಾದವರು. ಹಾಗೆಯೇ ಅವರಿಗೆ ಅವಕಾಶ ಬಂತು. ವಾಪಸಾಗುವಾಗ ಎದುರಾದದ್ದು ಎಫ್-104 ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ್ದು. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುವುದಿಲ್ಲ. ಗುಂಡೇಟು ತಿಂದ ಮೇಲೂ ದೇವಯ್ಯ ತಿರುಗಿಬಿದ್ದು ಸ್ಟಾರ್‌ಫೈಟರನ್ನು ಉರುಳಿಸಿದರು. ಅದರ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ. ದೇವಯ್ಯ ಬದುಕಲಿಲ್ಲ.

“ಇಂಥ ಜೋಡಿ ಬೀಳದ ಹಾಗೆ ನೋಡ್ಕೊಳ್ಳೋಕೆ ತಾನೇ ನಿಮ್ಮ ಅಪ್‌ಡೇಟ್ ಬರೋದು?” ದೊಡ್ಡಪ್ಪ ಕೇಳಿದರು. “ಹಾಗಾದ್ರೆ ದೇವಯ್ಯನವರು ಮಾಡಿದ್ದು ಆ ಆಕಾಶದಲ್ಲಿ ನಡೆಯೋದಾದ್ರೂ ಹೇಗೆ?”

ಹುಡುಗ ಬೇಗ ಉತ್ತರಿಸಲಿಲ್ಲ. ಕೊನೆಗೆ ಹೇಳಿದ: “ಅವರು ಆಟಕ್ಕೆ ಹೋದವರಲ್ಲ ದೊಡ್ಡಪ್ಪ. ಅವರ ಎದುರಿಗೆ ಯಾರು ಬರಬೇಕು ಅನ್ನೋದು ಅವರ ಕೈಲಿರಲಿಲ್ಲ. ಆಟಕ್ಕೆ ಬಂದವನಿಗೆ ನ್ಯಾಯ ಸಿಗಬೇಕು. ಸರಿಸಮ ಇಲ್ದಿದ್ರೆ ಅದು ಆಟವೇ ಅಲ್ಲ.”

“ಹುಡುಗ ಹೇಳೋದು ಸರಿ,” ಎಂದರು ತಾತ, ಮಗನ ಕಡೆ ತಿರುಗಿ. “ಆಟ ನ್ಯಾಯವಾಗೇ ಇರ್ಲಿ. ಅದನ್ನ ಆಡಿದ್ದಕ್ಕೆ ಯುದ್ಧ ಗೊತ್ತು ಅಂದ್ಕೊಂಡ್ರೆ ಮಾತ್ರ ತಪ್ಪು. ಅದಿರ್ಲಿ ಮಗಾ, ನೀನು ಒಂದು ವಿಮಾನ ಬೀಳಿಸಿದ್ರೆ ನಿಂಗೆ ಹೆಂಗೆ ಗೊತ್ತಾಗ್ತದೆ?”

“ತಕ್ಷಣ ಪರದೆ ಮೇಲೆ ಬರ್ತದೆ. ಹೆಸರು, ಅಂಕ, ಎಲ್ಲ.”

“ದೇವಯ್ಯನವರದ್ದು?”

“ಅವತ್ತು ಕಾಣೆಯಾದವರ ಪಟ್ಟಿಗೆ ಸೇರಿಸಿದ್ರು ಅಪ್ಪಾಜಿ,” ಎಂದರು ಮಗ. “ಬೀಳಿಸಿದ್ದು ಅವರೇ ಅಂತ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ಜಾನ್ ಫ್ರಿಕರ್ ಅನ್ನೋ ಇಂಗ್ಲಿಷ್ ಲೇಖಕರು ಪಾಕಿಸ್ತಾನದ ವಾಯುಪಡೆ ಬಗ್ಗೆ ಪುಸ್ತಕ ಬರೆದ್ರು. ಆಮೇಲೆ ತಾಳೆ ಹಾಕಿ ನೋಡಿದ್ದು.”

ಈ ವ್ಯತ್ಯಾಸದ ಬಗ್ಗೆಯೇ ಹುಡುಗರೊಂದಿಗೆ ಮಾತಾಡಬೇಕು. ವೇಗ, ತಿರುವು, ದರ್ಜೆಗಳನ್ನು ಆಟ ಎಷ್ಟು ಬಾರಿ ಬೇಕಾದರೂ ತಿದ್ದಿ ನಿಖರ ಮಾಡಲಿ, ಅದು ಒಳ್ಳೆಯದೇ. ಯಾರು ಗೆದ್ದರೆಂದು ತಿಳಿಯದೆ ಒಂದು ಕುಟುಂಬ ವರ್ಷಗಟ್ಟಲೆ ಕಾಯುವುದು ಯಾವ ಅಪ್‌ಡೇಟ್‌ಗೂ ಸೇರಿಸಲಾಗದ ಸಂಗತಿ. ರಾಮನಗರ, ಕನಕಪುರ, ಮಾಗಡಿಯ ಮನೆಗಳಲ್ಲಿ ಹೆಡ್‌ಫೋನ್ ಹಾಕಿ ಈ ಆಟಕ್ಕೆ ಕೂರುವ ಹುಡುಗರಿಗೆ ಹಿರಿಯರು ಆಟ ನಿಲ್ಲಿಸು ಎನ್ನುವ ಮೊದಲು ದೇವಯ್ಯನವರ ಕತೆ ಹೇಳಲಿ. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಆ ಕಾಳಗ ನಡೆದು 23 ವರ್ಷಗಳ ನಂತರ.