ನಾರಿನ ಪಾಲು

ಅಮೆರಿಕ, ಕೆನಡಾಗಳ ವೃತ್ತಿಪರ ಐಸ್ ಹಾಕಿ ತಂಡದಲ್ಲಿ ಸಾಮಾನ್ಯವಾಗಿ 12 ಮಂದಿ ಫಾರ್ವರ್ಡ್ ಆಟಗಾರರು. ಮೂವರಂತೆ ನಾಲ್ಕು ಸಾಲು. 60 ನಿಮಿಷದ ಆಟದಲ್ಲಿ ಮೊದಲ ಸಾಲಿನವರಿಗೆ ಸುಮಾರು 20 ನಿಮಿಷ, ಕೊನೆಯವರಿಗೆ ಅದರರ್ಧ. ಸಂಬಳದ ಮೊತ್ತಕ್ಕೆ 2005ರಿಂದ ಮಿತಿಯಿದೆ. ತಾರೆಗಳಿಗೆ ಕೊಟ್ಟು ಮಿಕ್ಕ ಹಣದಲ್ಲಿ ಕೊನೆಯ ಸ್ಥಾನಗಳನ್ನು ‘ತುಂಬುತ್ತಾರೆ’.

ಈ ಮಾತೇ ನನ್ನನ್ನು ಚುಚ್ಚುವುದು. ಚೀಲ ತುಂಬಬಹುದು, ಮನುಷ್ಯನಿಂದ ತುಂಬುವುದೆಂದರೇನು? ಅವನು ಎದುರಾಳಿಯ ಹೊಡೆತಕ್ಕೆ ಮೈಯೊಡ್ಡುತ್ತಾನೆ. ಜೊತೆಗಾರ ಶಿಕ್ಷೆಗೊಳಗಾಗಿ ಹೊರಗಿದ್ದಾಗ ಗೋಲು ಕಾಯುತ್ತಾನೆ. ಹಾಗಿದ್ದೂ, ತಾರೆ ಅಂಗಳ ಬಿಟ್ಟೊಡನೆ ನಾನು ಕಾಫಿಗೆಂದು ಏಳುತ್ತೇನೆ.

2009ರ ಸ್ಟ್ಯಾನ್ಲಿ ಕಪ್ಪಿನ ಏಳನೆಯ, ನಿರ್ಣಾಯಕ ಪಂದ್ಯದಲ್ಲಿ ಪಿಟ್ಸ್‌ಬರ್ಗಿನ ನಾಯಕ ಸಿಡ್ನಿ ಕ್ರಾಸ್ಬಿ ಮೊಣಕಾಲಿಗೆ ಪೆಟ್ಟಾಗಿ ಬಹಳ ಹೊತ್ತು ಹೊರಗುಳಿದ. ಡೆಟ್ರಾಯಿಟಿನ ಮೇಲೆ 2–1ರ ಗೆಲುವು. ಎರಡು ಗೋಲುಗಳೂ ತಾರೆಯಲ್ಲದ ಮ್ಯಾಕ್ಸ್ ಟಾಲ್ಬಟನವು. ಅಂದು ಎಲ್ಲರೂ ಅವನನ್ನು ಹೊಗಳಿದರು, ನಿಜ. ಆದರೆ ಗೋಲು ಹೊಡೆದನೆಂದೇ ಗೌರವಿಸಿದರೆ ಮತ್ತೆ ತಾರೆಯನ್ನೇ ಪೂಜಿಸಿದಂತಾಯಿತಲ್ಲವೆ? ಗೋಲಿಲ್ಲದ ರಾತ್ರಿಗಳಲ್ಲೂ ಅವನು ದುಡಿದಿದ್ದ. ಗೌರವ ಸಲ್ಲಬೇಕಾದ್ದು ಆ ರಾತ್ರಿಗಳಿಗೆ.

ಹೂವಿನಿಂದ ನಾರೂ ಸ್ವರ್ಗಕ್ಕೆ ಹೋಯಿತೆನ್ನುತ್ತೇವೆ. ಉಪಕಾರವೆಲ್ಲ ಹೂವಿನದೇ ಎಂಬುದು ನ್ಯಾಯವೆ? ನಾರಿಲ್ಲದೆ ಹೂ ಮಾಲೆಯಾದುದನ್ನು ನಾನಂತೂ ಕಂಡಿಲ್ಲ.