ಪೇಟೆಯಲ್ಲಿ ಸುಮ್ಮನೆ ನಿಂತವರು



ಬೆಳಗಿನ ಬಲಿಪೂಜೆ ಮುಗಿಸಿ ಬರುವಾಗ ಮಂಡ್ಯದಲ್ಲಾಗಲಿ ಮದ್ದೂರಿನಲ್ಲಾಗಲಿ ಬಸ್ ನಿಲ್ದಾಣದ ಬಳಿ ನಿಂತ ಹುಡುಗರನ್ನು ನೀವು ಕಂಡಿದ್ದೀರಿ. "ಸೋಮಾರಿಗಳು" ಎಂದು ಗೊಣಗಿ ಮುಂದೆ ಸಾಗುತ್ತೇವೆ. ಸಂತ ಮತ್ತಾಯರ ಶುಭಸಂದೇಶದ 20ನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನನೂ ಇಂಥವರನ್ನು ಕಾಣುತ್ತಾನೆ. ಆದರೆ ಆತ ಏಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿ, ಉತ್ತರಕ್ಕೂ ಕಾಯುತ್ತಾನೆ. ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲವೆಂದು ಅವರು ಹೇಳಿದಾಗ ನಂಬುತ್ತಾನೆ.

ಟ್ಯೂರಿನ್ ನಗರದ ಬೀದಿಹುಡುಗರ ಉತ್ತರವನ್ನು ಹೀಗೆಯೇ ನಂಬಿದವರು ಸಂತ ಜಾನ್ ಬೋಸ್ಕೊ. ಅವರು ಉಪದೇಶ ಕೊಟ್ಟು ಕಳುಹಿಸಲಿಲ್ಲ. 1852ರಲ್ಲಿ ಒಬ್ಬ ಹುಡುಗನನ್ನು ಬಡಗಿಯ ಬಳಿ ಕೆಲಸ ಕಲಿಯಲು ಸೇರಿಸುವಾಗ ಛಾಪಾ ಕಾಗದದ ಮೇಲೆ ಕರಾರು ಬರೆಸಿದರು: ತಪ್ಪು ಮಾಡಿದರೆ ಮಾತಿನಿಂದಲೇ ತಿದ್ದಬೇಕು, ಕಸುಬಿಗೆ ಹೊರತಾದ ಚಾಕರಿ ಮಾಡಿಸಬಾರದು, ಹಬ್ಬದ ದಿನ ಬಿಡುವು ಕೊಡಬೇಕು. ಮರುವರ್ಷ ತಮ್ಮಲ್ಲಿಯೇ ಚಮ್ಮಾರಿಕೆ, ಹೊಲಿಗೆಯ ಕಾರ್ಯಾಗಾರ ತೆರೆದರು.

ನಮ್ಮ ನಾಡಿನಲ್ಲಿ 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದರು. (ಒಳ್ಳೆಯದು ನಮ್ಮ ಧರ್ಮಸಭೆಯ ಹೊರಗೂ ಮೊಳೆಯುತ್ತದೆ; ಅದಕ್ಕೂ ದೇವರಿಗೆ ಸ್ತೋತ್ರ.) ಮುಂದೆ ಕೇಂದ್ರ ಸರ್ಕಾರ ಅದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ನಡೆಸುವ ವ್ಯವಸ್ಥೆ ಮಾಡಿತು. ಅಲ್ಲಿ ಕಲಿಕೆ, ಊಟ, ವಸತಿ ಎಲ್ಲವೂ ಉಚಿತ. ಕೆಲವು ವಾರಗಳ ತರಬೇತಿಯ ನಂತರ ಸಾಲ ಪಡೆಯಲೂ ನೆರವಾಗುತ್ತಾರೆ.

ಹಾಗಿದ್ದರೂ ನಮ್ಮ ಮಕ್ಕಳು ಏಕೆ ಹೋಗುವುದಿಲ್ಲ? ಮಳವಳ್ಳಿ ಕಡೆಯ ಒಬ್ಬ ತಾಯಿಗೆ ಈ ವಿಷಯ ತಿಳಿಸಿದೆ. "ಬಿಟ್ಟಿ ಕಲಿಸ್ತಾರೆ ಅಂತೀರಿ ಸ್ವಾಮಿ. ಆ ತಿಂಗಳು ಅವನ ಕೂಲಿ ಯಾರು ಕೊಡ್ತಾರೆ?" ಎಂದು ಕೇಳಿದಳು. ಎಷ್ಟೋ ವರ್ಷ ದೇವಶಾಸ್ತ್ರ ಓದಿದ ನನ್ನ ಬಳಿ ಉತ್ತರವಿರಲಿಲ್ಲ. ಉಚಿತವೆಂಬ ಮಾತು ಉಂಡವರಿಗೆ ಒಂದು, ದಿನಗೂಲಿಯಿಂದ ಒಲೆ ಹಚ್ಚುವವರಿಗೆ ಇನ್ನೊಂದು. ಸ್ವಲ್ಪ ಅನುಕೂಲವಿರುವ ಮನೆಗಳಲ್ಲಿ ಅಡ್ಡಿ ಬೇರೆ. ಡಿಗ್ರಿ ಓದಿದ ಮಗ ನಲ್ಲಿ ರಿಪೇರಿ ಕಲಿತರೆ ನಾಲ್ಕು ಜನ ಏನೆಂದಾರು ಎಂಬ ನಾಚಿಕೆ. ನಜರೇತಿನ ಬಡಗಿಯ ಮುಂದೆ ಮೊಣಕಾಲೂರುವವರು ನಾವು!

ಮನೆಗೆ ಬಂದ ಮೇಲೆ ಆ ಸಾಮತಿಯನ್ನು ಮತ್ತೆ ಓದಿದೆ. ಸಂಜೆ ಬಂದವರಿಗೂ ಯಜಮಾನ ಇಡೀ ದಿನದ ಕೂಲಿ ಕೊಟ್ಟ. ಅಂದರೆ ಅವರು ಪೇಟೆಯಲ್ಲಿ ನಿಂತು ಕಳೆದ ಹೊತ್ತಿಗೂ ಕೊಟ್ಟ. ಅವರ ಮನೆಯಲ್ಲೂ ಹಸಿವು ಇಡೀ ದಿನದ್ದೇ ಅಲ್ಲವೇ? ಆ ತಾಯಿ ಕೇಳಿದ್ದೂ ಅದನ್ನೇ.

ಪ್ರಿಯರೇ, ನಿಮ್ಮ ಧರ್ಮಕೇಂದ್ರದ ಹಬ್ಬದ ಲೆಕ್ಕವನ್ನೊಮ್ಮೆ ತೆಗೆದು ನೋಡಿ. ದೀಪಾಲಂಕಾರಕ್ಕೆ, ಪಟಾಕಿಗೆ ಎಷ್ಟು ಹೋಯಿತು? ಅದರಲ್ಲೊಂದು ಪಾಲು ತೆಗೆದಿಟ್ಟರೆ, ಒಬ್ಬ ಹುಡುಗನೋ ಹುಡುಗಿಯೋ ತರಬೇತಿಯಲ್ಲಿರುವಷ್ಟು ದಿನ ಆ ಮನೆಯ ಅಕ್ಕಿ, ರಾಗಿಗೆ ಸಾಕಾದೀತು. ಸಂತ ವಿನ್ಸೆಂಟ್ ದೇ ಪೌಲ್ ಸಭೆಯವರು ಮನೆ ಯಾವುದೆಂದು ಬಲ್ಲರು. ಈ ಭಾನುವಾರ ಅವರೊಡನೆ ಕುಳಿತು ಮಾತನಾಡಿ.