ಹತ್ತು ಜನರ ಹುಲ್ಲುಕಡ್ಡಿ

ಹತ್ತು ಜನರ ಹುಲ್ಲುಕಡ್ಡಿ, ಒಬ್ಬನ ತಲೆಹೊರೆ. ಈ ಗಾದೆ ಕೇಳದವರು ನಮ್ಮ ಕಡೆ ಕಡಿಮೆ. ಮದುವೆಮನೆಯಲ್ಲಿ ಮುಯ್ಯಿ ಬರೆಸುವಾಗ, ಜಾತ್ರೆಗೆ ಚಂದಾ ಎತ್ತುವಾಗ, ಮನೆ ಸುಟ್ಟವನಿಗೆ ಊರವರು ಕೈಲಾದದ್ದು ಹೊಂದಿಸಿಕೊಡುವಾಗ ಹಿರಿಯರ ಬಾಯಲ್ಲಿ ತಾನಾಗಿ ಬರುವ ಮಾತು. ಇದನ್ನು ಈಗ ಬೇರೊಂದು ಜಾಗಕ್ಕೆ ಒಯ್ದು ನೋಡಬೇಕು ಅನ್ನಿಸಿದೆ. ವ್ಯಾಪಾರಸ್ಥರು ವಾರಕ್ಕೋ ತಿಂಗಳಿಗೋ ಒಮ್ಮೆ ಕೂಡಿ, ಒಬ್ಬರಿಗೊಬ್ಬರು ಗಿರಾಕಿ ತೋರಿಸಿಕೊಡುವ ಸಭೆಗಳಿವೆಯಲ್ಲ, ಅಲ್ಲಿಗೆ. ಹೋಟೆಲಿನ ಹಾಲ್, ವಿಸಿಟಿಂಗ್ ಕಾರ್ಡು, ತಲಾ ಒಂದು ನಿಮಿಷದ ಪರಿಚಯ, ಗ್ರೂಪ್ ಫೋಟೊ, ತಿಂಡಿ. ಹೊರಗೆ ಬಂದವರಿಗೆ ಪಕ್ಕದಲ್ಲಿ ಕೂತಿದ್ದವರ ಹೆಸರು ನೆನಪಿರುತ್ತದೆ, ಅವರಿಗೆ ಏನು ಬೇಕಿತ್ತು ಎಂಬುದು ತಿಳಿದಿರುವುದಿಲ್ಲ.

ಗಾದೆಯ ಜೀವ ಇರುವುದು ಕಡ್ಡಿಯಲ್ಲಿ. ಒಂದು ಕಡ್ಡಿ ಹೋದರೆ ಕೊಟ್ಟವನಿಗೆ ಕೊರತೆಯಿಲ್ಲ. ಪಡೆದವನ ಹಸುವಿಗೆ ಒಂದು ಹೊತ್ತಿನ ಮೇವಾಯಿತು. ಸಭೆಗೆ ಹೋಗುವ ವ್ಯಾಪಾರಿ ಇದನ್ನು ಮರೆತು, ಕೊಡಿಸಿದರೆ ದೊಡ್ಡ ಆರ್ಡರನ್ನೇ ಕೊಡಿಸಬೇಕು ಎಂದುಕೊಂಡು ಸುಮ್ಮನೆ ಕೂರುತ್ತಾನೆ. ಚಿಂತಾಮಣಿಯಿಂದ ಟೊಮೆಟೊ ಹೊತ್ತು ಹೋದ ಲಾರಿ ಖಾಲಿ ವಾಪಸು ಬರುತ್ತಿದೆ ಎಂಬ ಸುದ್ದಿ ಒಂದು ಕಡ್ಡಿ. ಅದೇ ದಾರಿಯಲ್ಲಿ ಸರಕು ತರಿಸಬೇಕಾದವನಿಗೆ ಅದರಿಂದ ಬಾಡಿಗೆ ಎಷ್ಟು ಉಳಿಯುತ್ತದೆ ನೋಡಿ. ಜಿಎಸ್‌ಟಿ ಲೆಕ್ಕವನ್ನು ಸರಿಯಾಗಿ ಬರೆಯುವವರ ಫೋನ್ ನಂಬರು ಒಂದು ಕಡ್ಡಿ. ಮಾಲು ಎತ್ತಿಕೊಂಡು ದುಡ್ಡು ಕೊಡದೆ ಅಲೆಸುವ ಗಿರಾಕಿಯ ಬಗ್ಗೆ ಎಚ್ಚರದ ಒಂದು ಮಾತೂ ಕಡ್ಡಿಯೇ.

ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ನಮ್ಮ ಮುದ್ದೇನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಸ್ತ್ರೀಶಕ್ತಿ ಸಂಘದ ಸಭೆ ಹೇಗೆ ನಡೆಯುತ್ತದೆ ನೋಡಿ. ರಾಜ್ಯ ಸರ್ಕಾರ 2000-01ರಲ್ಲಿ ಶುರುಮಾಡಿದ ಯೋಜನೆ ಅದು. ಹದಿನೈದು ಇಪ್ಪತ್ತು ಹೆಂಗಸರು ಅಂಗನವಾಡಿಯಲ್ಲೋ ಯಾರದಾದರೂ ಜಗಲಿಯ ಮೇಲೋ ಚಾಪೆ ಹಾಸಿ ಕೂರುತ್ತಾರೆ. ಮೊದಲು ಹೋದ ಸಭೆಯ ನಡಾವಳಿ. ಆಮೇಲೆ ಉಳಿತಾಯದ ದುಡ್ಡನ್ನು ಎಲ್ಲರ ಕಣ್ಣೆದುರೇ ಎಣಿಸಿ ಪುಸ್ತಕಕ್ಕೆ ಏರಿಸುವುದು. ಅದಾದ ಮೇಲೆ ಉಳಿಯುವುದು ಒಂದೇ ಪ್ರಶ್ನೆ: ‘ಈ ಸಲ ಯಾರಿಗೆ ಬೇಕಮ್ಮ, ಎಷ್ಟು, ಯಾತಕ್ಕೆ?’ ಒಬ್ಬಾಕೆ ರೇಷ್ಮೆಹುಳಕ್ಕೆ ಸೊಪ್ಪು ಸಾಲದೆ ಬಂದಿದೆ ಅನ್ನುತ್ತಾಳೆ. ಹುಳ ಎಷ್ಟನೇ ಜ್ವರದಲ್ಲಿದೆ, ಅಂದರೆ ಎಷ್ಟನೇ ಸಲ ಪೊರೆ ಬಿಡುತ್ತಿದೆ, ಎಂದು ಉಳಿದವರು ಕೇಳುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ ಎಷ್ಟು ತಿನ್ನುತ್ತದೆ, ಗೂಡು ಎಂದಿಗೆ ಮಾರುಕಟ್ಟೆಗೆ ಹೋಗುತ್ತದೆ, ಸಾಲ ಎಂದಿಗೆ ತಿರುಗಿ ಬರುತ್ತದೆ, ಎಲ್ಲ ಅವರಿಗೆ ಬಾಯಿಲೆಕ್ಕ. ‘ನಮ್ಮ ತೋಟದಲ್ಲಿ ಸೊಪ್ಪಿದೆ, ನಾಳೆ ಕೊಯ್ಕೊಂಡು ಹೋಗು’ ಎಂದು ಇನ್ನೊಬ್ಬಾಕೆ ಅಂದರೆ ಸಾಲದ ಮಾತೇ ಬೇಕಿಲ್ಲ. ಸಭೆ ನಡೆಸುವ ಬಗ್ಗೆ ಯಾರು ಬೇಕಾದರೂ ಪುಸ್ತಕ ಬರೆಯಲಿ, ಇದಕ್ಕಿಂತ ಒಳ್ಳೆಯ ಕ್ರಮವನ್ನು ನಾನು ಕಂಡಿಲ್ಲ.

ಯಾಕೆಂದರೆ ಅಲ್ಲಿ ‘ಒಬ್ಬನ ತಲೆ’ ಯಾವುದು ಎಂದು ಮೊದಲು ಗೊತ್ತಾಗುತ್ತದೆ. ಮೂವತ್ತು ವ್ಯಾಪಾರಿಗಳು ಮೂವತ್ತು ನಿಮಿಷ ತಮ್ಮ ತಮ್ಮ ಅಂಗಡಿಯ ಹೊಗಳಿಕೆ ಹೇಳಿದರೆ ಕಡ್ಡಿಗಳೆಲ್ಲ ಗಾಳಿಗೆ ಹಾರುತ್ತವೆ, ಯಾರ ತಲೆಯ ಮೇಲೂ ಹೊರೆಯಾಗಿ ಕೂರುವುದಿಲ್ಲ. ಒಂದು ಸಭೆಯಲ್ಲಿ ಇಬ್ಬರೋ ಮೂವರೋ ಕೇಳಿದರೆ ಸಾಕು. ಅವರ ಕಷ್ಟವೇನು, ಬೇಕಾದ್ದೇನು ಎಂದು ಉಳಿದವರೆಲ್ಲ ತಲೆ ಓಡಿಸಲಿ. ಕೇಳುವವರೂ ಖಚಿತವಾಗಿ ಕೇಳಬೇಕು. ‘ಯಾರಿದ್ದರೂ ಹೇಳಿ ಸಾರ್’ ಅಂದರೆ ಯಾರ ಮುಖವೂ ನೆನಪಿಗೆ ಬರುವುದಿಲ್ಲ. ‘ಕಂಚಿಯಲ್ಲಿ ನೇರವಾಗಿ ನೂಲು ಕೊಳ್ಳುವ ಮಗ್ಗದವರು ಯಾರಾದರೂ ಗೊತ್ತಾ?’ ಅಂದರೆ ಕೂತವರಲ್ಲಿ ಒಬ್ಬರಿಗಾದರೂ ಒಂದು ಹೆಸರು ಹೊಳೆಯುತ್ತದೆ. 1727ರಲ್ಲಿ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಕಸುಬುದಾರರನ್ನು ಕೂಡಿಸಿ ಕಟ್ಟಿದ ‘ಜಂಟೊ’ ಎಂಬ ಕೂಟದಲ್ಲೂ ಪ್ರತಿ ಸಭೆಗೆ ಪ್ರಶ್ನೆಗಳ ಪಟ್ಟಿಯಿತ್ತು. ಸದಸ್ಯನ ಕೆಲಸಕ್ಕೆ ಕೂಟದಿಂದ ಏನು ನೆರವಾಗಬೇಕು ಎಂಬುದು ಅದರಲ್ಲೊಂದು.

ಗಾದೆಗೆ ಇನ್ನೊಂದು ಮುಖವೂ ಇದೆ, ಅದು ನೋವಿನದು. ಹತ್ತು ಜನ ಎತ್ತದೆ ಬಿಟ್ಟ ಕಡ್ಡಿಗಳೂ ಕೊನೆಗೆ ಒಬ್ಬನ ತಲೆಹೊರೆಯೇ ಆಗುತ್ತವೆ. ಹಾಲ್ ಬುಕ್ ಮಾಡಿ, ಎಲ್ಲರಿಗೂ ಫೋನ್ ಹಚ್ಚಿ, ತಡವಾಗಿ ಬಂದವರನ್ನು ಕಾದು, ಉಳಿದ ಬಿಲ್ಲನ್ನು ತನ್ನ ಜೇಬಿನಿಂದ ಕಟ್ಟುವ ಕಾರ್ಯದರ್ಶಿ ಪ್ರತಿ ಕೂಟದಲ್ಲೂ ಇರುತ್ತಾನೆ. ವರ್ಷ ಕಳೆಯುವಷ್ಟರಲ್ಲಿ ಅವನು ಸೋಲುತ್ತಾನೆ, ಕೂಟವೂ ನಿಲ್ಲುತ್ತದೆ. ಒಬ್ಬರು ಸಮಯ ನೋಡಲಿ, ಒಬ್ಬರು ಹೊಸಬರನ್ನು ಬಾಗಿಲಲ್ಲಿ ಎದುರುಗೊಂಡು ತಮ್ಮ ಪಕ್ಕ ಕೂರಿಸಿಕೊಳ್ಳಲಿ, ಒಬ್ಬರು ಯಾರು ಯಾರಿಗೆ ಏನು ಮಾಡುತ್ತೇನೆ ಅಂದರು ಎಂದು ಬರೆದಿಟ್ಟು ಮುಂದಿನ ಸಭೆಯಲ್ಲಿ ಎಲ್ಲಕ್ಕಿಂತ ಮೊದಲು ಓದಲಿ. ಈ ಕೊನೆಯ ಕೆಲಸವೊಂದು ನಡೆದರೆ ಸಭೆಯ ಅರ್ಧ ರೋಗ ಹೋಗುತ್ತದೆ. ಕೊಟ್ಟ ಮಾತನ್ನು ಎಲ್ಲರೆದುರು ಓದುತ್ತಾರೆ ಎಂದು ತಿಳಿದವನು ಮಾತನ್ನು ಹಗುರವಾಗಿ ಕೊಡುವುದಿಲ್ಲ.

ಮುದ್ದೇನಹಳ್ಳಿಯ ಹೆಸರೆತ್ತಿದ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಬಿಡುವಂತಿಲ್ಲ. ಹುಟ್ಟಿದ್ದು ಇಲ್ಲಿ, ಸಮಾಧಿಯೂ ಇಲ್ಲೇ. ಅಣೆಕಟ್ಟು ಕಟ್ಟಿದವರು ಎಂದು ಎಲ್ಲರಿಗೂ ಗೊತ್ತು. ಸಭೆ ಕಟ್ಟಿದವರು ಎಂದು ನೆನೆಯುವವರು ಕಡಿಮೆ. 1911ರಲ್ಲಿ ಮೈಸೂರು ಸಂಪದಭ್ಯುದಯ ಸಮಾಜ ಶುರುವಾದಾಗ ಅವರಿನ್ನೂ ಮುಖ್ಯ ಎಂಜಿನಿಯರ್. ಅಧಿಕಾರಿಗಳನ್ನೂ ವರ್ತಕರನ್ನೂ ಬೇಸಾಯಗಾರರನ್ನೂ ಅದು ಒಂದೆಡೆ ಕೂರಿಸಿತು. ಆದರೆ ಕೂರಿಸಿ ಭಾಷಣ ಕೇಳಿಸಿ ಕಳಿಸಲಿಲ್ಲ. ಶಿಕ್ಷಣ, ಬೇಸಾಯ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಮೂರು ಸಮಿತಿಗಳಿಗೆ ಕೆಲಸ ಹಂಚಿತು. ಸಭೆ ನಡೆಯುವುದು ಕೆಲವು ದಿನ, ಸಮಿತಿ ದುಡಿಯುವುದು ವರ್ಷವಿಡೀ. 1913ರ ಮೈಸೂರು ಬ್ಯಾಂಕ್, 1915ರ ಕನ್ನಡ ಸಾಹಿತ್ಯ ಪರಿಷತ್ತು ಆ ಚರ್ಚೆಗಳಿಂದ ಮೂಡಿದವು. 1916ರಲ್ಲಿ ಅವರ ದಿವಾನಗಿರಿಯಲ್ಲೇ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿತು; ಇಂದಿನ ಎಫ್‌ಕೆಸಿಸಿಐ ಅದೇ. ಅವರ ಸಮಯಪಾಲನೆಯ ಕಥೆಗಳನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಎರಡು ಸಭೆಗಳ ನಡುವಿನ ದಿನಗಳನ್ನು ಅವರು ಹೇಗೆ ದುಡಿಸಿಕೊಂಡರು ಎಂಬುದು ವ್ಯಾಪಾರಿಗಳು ಕಲಿಯಬೇಕಾದ ಪಾಠ.

ಇನ್ನು ಸಭೆಗೆ ಕಳೆ ಬರುವ ಬಗ್ಗೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಹೋದವರಿಗೆ ಗೊತ್ತು. ಗೂಡಿನಿಂದ ನೂಲು ತೆಗೆಸುವ ರೀಲರ್ ಜಾಲರಿಗೆ ಕೈಹಾಕಿ ಒಂದು ಗೂಡು ಎತ್ತುತ್ತಾನೆ, ಬೆರಳಲ್ಲಿ ಒತ್ತುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಅಷ್ಟರಲ್ಲಿ ಅವನ ಮನಸ್ಸಿನಲ್ಲಿ ರೇಟು ಕೂತಿರುತ್ತದೆ. ಮಾಲು ಕಣ್ಣೆದುರಿದ್ದರೆ ಮಾತು ಚುಟುಕಾಗುತ್ತದೆ, ಕೇಳುವವರ ಕಿವಿ ಚುರುಕಾಗುತ್ತದೆ. ಹೋಟೆಲಿನ ಹಾಲಿನಲ್ಲಿ ಪರದೆಯ ಮೇಲೆ ಚಿತ್ರ ತೋರಿಸುವುದರಿಂದ ಇದು ಆಗದು. 1905ರಲ್ಲಿ ಶಿಕಾಗೋದಲ್ಲಿ ಶುರುವಾದ ರೋಟರಿ ಕೂಟದ ಸದಸ್ಯರು ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು, ಆ ಸರದಿಯಿಂದಲೇ ರೋಟರಿ ಎಂಬ ಹೆಸರು ಬಂತು. ನಮ್ಮ ಜಿಲ್ಲೆಯ ವ್ಯಾಪಾರಿ ಮಿತ್ರರಲ್ಲಿ ನನ್ನ ಕೋರಿಕೆ ಇದು: ಮುಂದಿನ ಸಭೆಗೆ ಹಾಲ್ ಬುಕ್ ಮಾಡಬೇಡಿ. ನಿಮ್ಮ ಕೂಟದ ರೀಲರ್ ಒಬ್ಬರ ಶೆಡ್ಡಿನಲ್ಲೋ ಹೂವಿನ ವ್ಯಾಪಾರಿಯೊಬ್ಬರ ಮಂಡಿಯಲ್ಲೋ ಸೇರಿ. ಅವರಿಗೆ ಈ ತಿಂಗಳು ಏನು ಬೇಕು ಎಂದು ಅಲ್ಲೇ ನಿಂತು ಕೇಳಿ, ಯಾರು ಏನು ಮಾಡುತ್ತೇನೆ ಅಂದರೋ ಬರೆದಿಡಿ. ಕಾರ್ಯದರ್ಶಿಗೆ ಇವತ್ತೇ ಫೋನ್ ಮಾಡಿ, ಆ ಬರೆಯುವ ಕೆಲಸ ನನಗಿರಲಿ ಅನ್ನಿ.